ಹೆಸರಿಗೆ ಬೇಲಿ ಹಾಕಿ ಕೂತವರು

ಬೆಂಗಳೂರಿನ ಯಾವುದೇ ಟೆಕ್ ಪಾರ್ಕಿನ ಕೆಫೆಟೇರಿಯಾದಲ್ಲಿ ಹತ್ತು ನಿಮಿಷ ಕೂತು ನೋಡಿ. ಕೋಡ್ ಬಗ್ಗೆ ಮಾತಾಡೋರಿಗಿಂತ ಸೈಡ್ ಇನ್‌ಕಮ್ ಬಗ್ಗೆ ಮಾತಾಡೋರೇ ಜಾಸ್ತಿ ಸಿಗ್ತಾರೆ. ಒಬ್ಬ ದೇವನಹಳ್ಳಿ ಹತ್ರ ಸೈಟ್ ಅಂತಾನೆ. ಇನ್ನೊಬ್ಬ ಆಪ್ಷನ್ ಟ್ರೇಡಿಂಗ್ ಅಂತಾನೆ. ಮೂರನೆಯವನು ಸ್ವಲ್ಪ ದನಿ ತಗ್ಗಿಸಿ, "ಒಂದಿಷ್ಟು ಡೊಮೇನ್ ತಗೊಂಡು ಪಾರ್ಕ್ ಮಾಡಿ ಬಿಟ್ಬಿಡಿ ಗುರೂ, ಮಲಗಿದ್ರೂ ದುಡ್ಡು ಬರುತ್ತೆ" ಅಂತಾನೆ. ಮೊದಲ ಎರಡನ್ನ ಬೈಯೋಕೆ ಬೇಕಾದಷ್ಟು ಜನ ಇದ್ದಾರೆ. ಮೂರನೆಯದನ್ನ ಮಾತ್ರ ಯಾರೂ ಬೈಯಲ್ಲ. ಅದು ಬುದ್ಧಿವಂತರ ಕೆಲಸ, ಯಾರಿಗೂ ತೊಂದರೆ ಇಲ್ಲದ್ದು ಅನ್ನೋ ನಂಬಿಕೆ ಇದೆ. ನನ್ನ ತಕರಾರು ಶುರುವಾಗೋದೇ ಅಲ್ಲಿ. ಈ ದಂಧೆಗೆ ನನ್ನ ಊರಿನ ಭಾಷೆಯಲ್ಲಿ ಒಂದು ಹಳೇ ಹೆಸರಿದೆ: ಗೇಣಿ ವಸೂಲಿ. ಇದಕ್ಕೆ ಕೈಹಾಕಿದ ಹೊಸಬರು ಬಹುತೇಕ ಕೈ ಸುಟ್ಕೊಳ್ತಾರೆ. ಅಪ್ಪಿತಪ್ಪಿ ಗೆದ್ದವರು ಗೆಲ್ಲೋದು ಬೆವರು ಸುರಿಸೋ ಇನ್ಯಾರದೋ ಜೇಬಿನಿಂದ.

ಗೊತ್ತಿಲ್ಲದವರಿಗೆ ಎರಡು ಮಾತು. ವೆಬ್‌ಸೈಟಿಗೆ ಬೇಕಾದ ವಿಳಾಸವೇ ಡೊಮೇನ್ ಹೆಸರು. ಒಂದು ಹೆಸರು ಒಬ್ಬರಿಗೇ ಸಿಗೋದು, ಮೊದಲು ಬಂದವರಿಗೆ ಮೊದಲು. ನೀವು ಅದನ್ನ ಕೊಂಡ್ಕೊಳ್ಳಲ್ಲ, ವರ್ಷ ವರ್ಷ ದುಡ್ಡು ಕಟ್ಟಿ ಹಿಡಿದಿಟ್ಟುಕೊಳ್ತೀರ. ಅದರ ಮೇಲೆ ಸೈಟ್ ಕಟ್ಟದೇ ಖಾಲಿ ಬಿಟ್ಟು, ಜಾಹೀರಾತು ತುಂಬಿದ ಒಂದು ಪುಟ ನಿಲ್ಲಿಸೋದು ಪಾರ್ಕಿಂಗ್. ದಾರಿ ತಪ್ಪಿ ಬಂದವರು ಆ ಜಾಹೀರಾತು ಒತ್ತಿದರೆ ಒಂದಿಷ್ಟು ಪೈಸೆ. ಮೇಲೆ 'ಈ ಹೆಸರು ಮಾರಾಟಕ್ಕಿದೆ' ಅಂತ ಒಂದು ಪಟ್ಟಿ. ಯಾರಿಗಾದ್ರೂ ನಿಜವಾಗಿ ಆ ಹೆಸರು ಬೇಕಾದಾಗ ಸಾವಿರ ರೂಪಾಯಿಯದನ್ನ ಎರಡು ಲಕ್ಷಕ್ಕೆ ಮಾರೋದು. ಇಷ್ಟೇ ಕಸುಬು.

ಈ ಆಸೆ ಹುಟ್ಟಿಸೋಕೆ ನಾಲ್ಕೈದು ಕಥೆಗಳನ್ನ ಎಲ್ಲರೂ ಹೇಳ್ತಾರೆ, ಆ ಕಥೆಗಳು ಸುಳ್ಳೇನಲ್ಲ. ಬಿಸಿನೆಸ್ ಡಾಟ್ ಕಾಮ್ ಅನ್ನೋ ಹೆಸರು 1999ರಲ್ಲಿ 75 ಲಕ್ಷ ಡಾಲರಿಗೆ ಹೋಯ್ತು. ವಾಯ್ಸ್ ಡಾಟ್ ಕಾಮ್ 2019ರಲ್ಲಿ 3 ಕೋಟಿ ಡಾಲರ್. ಚಾಟ್ ಡಾಟ್ ಕಾಮ್ ಅನ್ನ 2023ರಲ್ಲಿ ಧರ್ಮೇಶ್ ಶಾ ಒಂದೂವರೆ ಕೋಟಿ ಡಾಲರಿಗೂ ಮೀರಿ ಕೊಟ್ಟು ತಗೊಂಡರು, ಆಮೇಲೆ ಅದು ಓಪನ್‌ಎಐ ಕೈಗೆ ಹೋಯ್ತು. ಇವನ್ನೆಲ್ಲ ಕೇಳಿದ ಹುಡುಗ ರಾತ್ರಿ ಹನ್ನೊಂದಕ್ಕೆ ಕೂತು ಹೆಸರಿನ ಹಿಂದೆ 'ಎಐ' ಸೇರಿಸಿ, ಮುಂದೆ 'ಬೆಂಗಳೂರು' ಸೇರಿಸಿ, ಇಪ್ಪತ್ತು ಹೆಸರು ಕೊಂಡುಬಿಡ್ತಾನೆ. ಅವನು ಮರೆತ ವಿಷಯ ಒಂದೇ. ಮೊದಲ ಡಾಟ್ ಕಾಮ್ ನೋಂದಣಿ ಆಗಿದ್ದು 1985ರ ಮಾರ್ಚಿನಲ್ಲಿ. 1995ರವರೆಗೆ ಹೆಸರು ಪುಕ್ಕಟೆ ಸಿಗ್ತಿತ್ತು. ನಿಘಂಟಿನಲ್ಲಿರೋ ಚಿಕ್ಕ ಇಂಗ್ಲಿಷ್ ಪದಗಳೆಲ್ಲ ನಾವು ಹಳ್ಳಿ ಸ್ಕೂಲಲ್ಲಿ ಮಗ್ಗಿ ಒಪ್ಪಿಸ್ತಿದ್ದ ಕಾಲಕ್ಕೇ ಖಾಲಿಯಾಗಿದ್ವು. ಈಗ ಸಾವಿರ ರೂಪಾಯಿಗೆ ಸಿಗ್ತಿರೋದು ಯಾರಿಗೂ ಬೇಡ ಅಂತ ಉಳಿದದ್ದು.

ಲೆಕ್ಕ ಹಾಕೋಣ, ಉದಾರವಾಗೇ ಹಾಕೋಣ. ನಿಮ್ಮ ಹತ್ರ ನೂರು ಹೆಸರಿದೆ ಅನ್ಕೊಳ್ಳಿ. ಒಂದಕ್ಕೆ ವರ್ಷಕ್ಕೆ ಸಾವಿರ ಅಂದ್ರೂ ಒಂದು ಲಕ್ಷ ರಿನ್ಯೂವಲ್‌ಗೇ ಹೋಯ್ತು. ಈ ದಂಧೆಯಲ್ಲಿ ಪಳಗಿದವರೇ ಹೇಳ್ಕೊಳ್ಳೋ ಪ್ರಕಾರ ವರ್ಷಕ್ಕೆ ನೂರರಲ್ಲಿ ಒಂದೋ ಎರಡೋ ಹೆಸರು ಮಾರಾಟ ಆದ್ರೆ ಸರಿಯಾಗಿ ನಡೀತಿದೆ ಅಂತ ಅರ್ಥ. ಒಂದು ಮಾರಾಟ ಆಯ್ತು, ಒಂದೂವರೆ ಲಕ್ಷ ಬಂತು ಅಂತಿಟ್ಕೊಳ್ಳಿ. ಮಾರಿಕೊಟ್ಟ ತಾಣಕ್ಕೆ ಇಪ್ಪತ್ತು ಪರ್ಸೆಂಟ್ ಕಮಿಷನ್ ಅಂದ್ರೆ ಮೂವತ್ತು ಸಾವಿರ. ಉಳಿದದ್ದರಲ್ಲಿ ರಿನ್ಯೂವಲ್ ಲಕ್ಷ ಕಳೀರಿ. ಇಪ್ಪತ್ತು ಸಾವಿರ. ಅದರ ಮೇಲೆ ಟ್ಯಾಕ್ಸ್. ನೂರು ಹೆಸರು ಹುಡುಕಿ, ಕಾದು, ಮೇಲ್‌ಗಳಿಗೆ ಉತ್ತರ ಬರೆದು, ವರ್ಷಕ್ಕೆ ಇಪ್ಪತ್ತು ಸಾವಿರಕ್ಕೂ ಕಮ್ಮಿ! ಆ ವರ್ಷ ಒಂದೂ ಹೋಗಲಿಲ್ಲ ಅಂದ್ರೆ ಲಕ್ಷ ರೂಪಾಯಿ ನೀರಿಗೆ. ಇದೇ ದುಡ್ಡನ್ನ ಬ್ಯಾಂಕಲ್ಲಿ ಎಫ್‌ಡಿ ಇಟ್ಟಿದ್ರೆ ಬಡ್ಡಿ ಕಡಿಮೆ ಬರ್ತಿತ್ತು, ಅಸಲಾದ್ರೂ ಉಳೀತಿತ್ತು.

ಇನ್ನು ಜಾಹೀರಾತಿನ ಪೈಸೆ. ಹಿಂದೆ ಜನ ಬ್ರೌಸರಿನಲ್ಲಿ ನೇರವಾಗಿ ಹೆಸರು ಊಹಿಸಿ ಟೈಪ್ ಮಾಡ್ತಿದ್ದ ಕಾಲದಲ್ಲಿ ಅದರಲ್ಲಿ ನಿಜವಾಗಲೂ ದುಡ್ಡಿತ್ತು. ಈಗ ಎಲ್ಲರೂ ಹುಡುಕೋದು ಗೂಗಲ್‌ನಲ್ಲಿ, ಇಲ್ಲ ಆ್ಯಪ್‌ನಲ್ಲಿ. ಪಾರ್ಕಿಂಗ್‌ಗೆ ಅಂತಲೇ ಇದ್ದ ಆಡ್‌ಸೆನ್ಸ್ ಸೇವೆಯನ್ನ ಗೂಗಲ್ 2012ರಲ್ಲೇ ನಿಲ್ಲಿಸಿತು. ಮಧ್ಯವರ್ತಿಗಳ ಮೂಲಕ ಉಳಿದಿದ್ದ ದಾರಿಯೂ 2025ರಲ್ಲಿ ಕಿರಿದಾಯ್ತು. ಪಾರ್ಕ್ ಆದ ಹೆಸರುಗಳ ಮೇಲೆ ಜಾಹೀರಾತು ಬರೋ ಆಯ್ಕೆಯನ್ನ ಗೂಗಲ್ ತಾನಾಗೇ ಆಫ್ ಮಾಡತೊಡಗಿತು. ದುಡ್ಡು ಕೊಡೋ ಜಾಹೀರಾತುದಾರರಿಗೇ ಅಲ್ಲಿ ಕಾಣಿಸಿಕೊಳ್ಳೋದು ಬೇಡ ಅಂದಮೇಲೆ ಮಲಗಿದವನಿಗೆ ಬರೋದು ಕನಸು ಮಾತ್ರ.

ಹಾಗಾದ್ರೆ ದುಡ್ಡು ಯಾರಿಗೆ ಬರ್ತಿದೆ? ಚಿನ್ನ ಹುಡುಕೋರಿಗಿಂತ ಗುದ್ದಲಿ ಮಾರೋನಿಗೇ ಲಾಭ ಅನ್ನೋ ಮಾತಿದೆಯಲ್ಲ, ಹಾಗೆ. ಡಾಟ್ ಕಾಮ್ ಮತ್ತು ಡಾಟ್ ನೆಟ್ ಹೆಸರುಗಳ ಮೂಲ ದಾಖಲೆ ನೋಡಿಕೊಳ್ಳೋದು ಅಮೆರಿಕದ ವೆರಿಸೈನ್ ಅನ್ನೋ ಒಂದೇ ಕಂಪನಿ. ಸುಮಾರು 17 ಕೋಟಿ ಹೆಸರುಗಳು ಅದರ ಕೈಯಲ್ಲಿವೆ. 2023ರಲ್ಲಿ ಅದರ ಆದಾಯ ಹತ್ತಿರ ಹತ್ತಿರ 150 ಕೋಟಿ ಡಾಲರ್, ಅದರಲ್ಲಿ ಮೂರನೇ ಎರಡರಷ್ಟು ಕಾರ್ಯಾಚರಣೆಯ ಲಾಭ. ಒಂದು ಡಾಟ್ ಕಾಮ್‌ಗೆ ಅದು ತಗೊಳ್ಳೋ ಸಗಟು ದರ 2020ರಲ್ಲಿ 7.85 ಡಾಲರ್ ಇದ್ದದ್ದು 2024ರ ಸೆಪ್ಟೆಂಬರ್ ಹೊತ್ತಿಗೆ 10.26 ಡಾಲರ್ ಆಯ್ತು. ನೀವು ಹೆಸರು ಮಾರಿದ್ರೂ, ಮಾರದೇ ಕೂತ್ರೂ, ಸೋತು ಬಿಟ್ಟುಕೊಟ್ಟು ಇನ್ನೊಬ್ಬ ಹಿಡಿದ್ರೂ ಅವರ ಮೀಟರ್ ಓಡ್ತಾನೇ ಇರುತ್ತೆ. ಅವರಿಂದ ತಂದು ನಮಗೆ ಮಾರೋ ರಿಜಿಸ್ಟ್ರಾರ್ ಕಂಪನಿಗಳದ್ದೂ ಇದೇ ಕಥೆ. 'ಡೊಮೇನ್‌ನಲ್ಲಿ ಲಕ್ಷಾಧಿಪತಿ ಆಗಿ' ಅಂತ ಕೋರ್ಸ್ ಮಾರೋನ ಆದಾಯ ಎಲ್ಲಿಂದ ಬರುತ್ತೆ ಅಂತ ಒಂದ್ಸಲ ಯೋಚಿಸಿ. ಕೋರ್ಸ್ ಫೀಸಿನಿಂದ.

ನಷ್ಟ ಮಾಡ್ಕೊಳ್ಳೋದು ಅವರವರ ಹಣೆಬರಹ ಅಂತ ಇಲ್ಲಿಗೇ ಬಿಡಬಹುದಿತ್ತು. ಆದ್ರೆ ನನಗೆ ಸಿಟ್ಟಿರೋದು ಸೋತವರ ಮೇಲಲ್ಲ, ಗೆಲುವಿನ ಮೇಲೆ.

ನಮ್ಮೂರ ಕಡೆಯ ಗೆಳೆಯನೊಬ್ಬ ಇದ್ದಾನೆ. ತಿಪಟೂರಿನ ಸುತ್ತಲಿನ ಕೊಬ್ಬರಿ, ಪಾವಗಡದ ಕಡೆಯ ಕಡಲೆಕಾಯಿ ತಂದು ಮರದ ಗಾಣದಲ್ಲಿ ಎಣ್ಣೆ ತೆಗೀತಾನೆ. ಆನ್‌ಲೈನ್‌ನಲ್ಲಿ ಮಾರೋಣ ಅಂತ ಹೊರಟಾಗ ತನ್ನ ಗಾಣದ ಹೆಸರಿಗೆ ಡಾಟ್ ಕಾಮ್ ಹುಡುಕಿದ. ಅದು ಯಾರದೋ ಹತ್ರ ಪಾರ್ಕ್ ಆಗಿ ನಿಂತಿತ್ತು. ಕೇಳಿದ ಬೆಲೆ ಎರಡೂವರೆ ಸಾವಿರ ಡಾಲರ್. ಮೋಟರ್ ಸಮೇತ ಗಾಣಕ್ಕೆ ಅವನು ಕೊಟ್ಟದ್ದೂ ಹೆಚ್ಚುಕಮ್ಮಿ ಅಷ್ಟೇ! ಅವನ ಕೈಲಿ ಆಗಲಿಲ್ಲ. ನಡುವೆ ಒಂದು ಅಡ್ಡಗೆರೆ, ಕೊನೆಗೆ ಇನ್ನೊಂದು ಪದ ಸೇರಿಸಿ ಉದ್ದನೆಯ ಹೆಸರು ತಗೊಂಡ. ಆಮೇಲಿನದ್ದು ಇನ್ನೂ ಚೆಂದ. ಸಂತೆ, ಮೇಳ ಅಂತ ಸುತ್ತಿ ಚೀಟಿ ಹಂಚಿ ಹೆಸರು ಮಾಡ್ದ. ಗಿರಾಕಿಗಳಲ್ಲಿ ಒಂದಿಷ್ಟು ಜನ ಅಡ್ಡಗೆರೆ ಮರೆತು ಟೈಪ್ ಮಾಡ್ತಾರೆ. ನೇರ ಪಾರ್ಕಿಂಗ್ ಪುಟಕ್ಕೆ ಹೋಗ್ತಾರೆ. ಅಲ್ಲಿ ಏನಿದೆ? ಬೇರೆ ಕಂಪನಿಗಳ ಅಡುಗೆ ಎಣ್ಣೆ ಜಾಹೀರಾತು.

ಈಗ ನೀವೇ ಹೇಳಿ, ಆ ಹೆಸರಿಗೆ ಬೆಲೆ ತಂದುಕೊಟ್ಟವರು ಯಾರು? ಐದು ವರ್ಷ ಬೆಳಗಿನ ಜಾವ ಎದ್ದು ಗಾಣ ಓಡಿಸಿದವನೋ, ಎಲ್ಲೋ ಕೂತು ಸಾವಿರ ರೂಪಾಯಿ ಕಟ್ಟಿದವನೋ? ಇವನು ಎಷ್ಟು ದುಡೀತಾನೋ ಅವನ ಹೆಸರಿನ ಬೆಲೆ ಅಷ್ಟು ಏರುತ್ತೆ. ನಾಳೆ ಇವನು ಗೆದ್ದರೆ ಎರಡೂವರೆ ಸಾವಿರ ಡಾಲರ್ ಐದು ಸಾವಿರ ಆಗುತ್ತೆ. ತನ್ನ ದುಡಿಮೆಗೆ ತಾನೇ ದಂಡ ಕಟ್ಟೋ ಲೆಕ್ಕ ಇದು.

ಇದನ್ನ ನಮ್ಮ ತಾತಂದಿರು ನೋಡಿದ್ದಾರೆ. ಉಳೋನು ಒಬ್ಬ, ಒಡೆಯ ಇನ್ನೊಬ್ಬ. ಸುಗ್ಗಿಯಲ್ಲಿ ಕಣಕ್ಕೆ ಬಂದು ಪಾಲು ಅಳೆಸಿಕೊಂಡು ಹೋಗೋನು ವರ್ಷವೆಲ್ಲ ಆ ಹೊಲದ ಬದುವನ್ನೂ ತುಳಿದಿರ್ತಿರಲಿಲ್ಲ. ದೇವರಾಜ ಅರಸರ ಸರ್ಕಾರದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿ ಪದ್ಧತಿ ರದ್ದಾಯ್ತು. ಗೇಣಿದಾರರು ಡಿಕ್ಲರೇಶನ್ ಹಾಕಿ ಭೂಮಿ ಪಡೆದ್ರು. ಅವತ್ತು ಭೂಮಿ ಸಿಕ್ಕ ಮನೆಗಳಿಂದಲೇ ಬಂದು ಬಿಇ ಓದಿದ ಎಷ್ಟೋ ಜನ ಇವತ್ತು ಐಟಿಯಲ್ಲಿದ್ದೀವಿ. 'ಉಳುವವನೇ ಹೊಲದೊಡೆಯ' ಅನ್ನೋ ಮಾತಿನ ಫಲ ಉಂಡು ಬೆಳೆದವರು ಕಂಪ್ಯೂಟರ್ ಮುಂದೆ ಕೂತ ತಕ್ಷಣ ಹಳೇ ಒಡೆಯನ ವೇಷ ಹಾಕಬೇಕಾ?

ಇದಕ್ಕೆ ಬರೋ ಉತ್ತರಗಳು ನನಗೆ ಗೊತ್ತು.

ಮೊದಲನೆಯದು: "ಸೈಟ್ ತಗೊಂಡು ಖಾಲಿ ಬಿಡಲ್ವಾ? ಇದೂ ಹಾಗೇ." ಹೌದು, ಹಾಗೇ. ಅದಕ್ಕೇ ಕೇಳ್ತಿರೋದು. ಬೆಂಗಳೂರಿನ ಯಾವ ಲೇಔಟ್‌ಗೆ ಬೇಕಾದ್ರೂ ಹೋಗಿ. ನಡುವೆ ನಾಲ್ಕು ಖಾಲಿ ಸೈಟು, ಅದರೊಳಗೆ ಕಸ, ಹಾವು, ಒಂದು 'ಈ ಸ್ವತ್ತು ಮಾರಾಟಕ್ಕಿಲ್ಲ' ಬೋರ್ಡು. ಮನೆ ಕಟ್ಟೋ ಅವಶ್ಯಕತೆ ಇದ್ದವನು ಅದನ್ನ ದಾಟಿ ಇನ್ನೂ ಹತ್ತು ಕಿಲೋಮೀಟರ್ ಆಚೆ ಹೋಗ್ಬೇಕು. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕೂತು ನಾವು ದಿನಾ ಶಪಿಸೋ ಊರು ಬೆಳೆದದ್ದು ಹೀಗೂ ಹೌದು. ಒಂದು ಕೆಟ್ಟದ್ದು ಇದೆ ಅಂತ ಇನ್ನೊಂದು ಕೆಟ್ಟದ್ದು ಒಳ್ಳೇದಾಗಲ್ಲ.

ಎರಡನೆಯದು: "ಕಾನೂನಲ್ಲಿ ತಪ್ಪೇನಿಲ್ಲ." ಅರ್ಧ ಸತ್ಯ. ಇನ್ನೊಬ್ಬರ ಬ್ರ್ಯಾಂಡ್ ಹೆಸರು ಹಿಡಿದಿಟ್ಟು ದುಡ್ಡು ಕೇಳೋದು ತಪ್ಪು ಅಂತ ಕೋರ್ಟುಗಳು ಯಾವತ್ತೋ ಹೇಳಿವೆ. ಅಮೆರಿಕದ ಡೆನಿಸ್ ಟೋಪೆನ್ ಅನ್ನೋನು ಕ್ಯಾಮೆರಾ ಕಂಪನಿ ಪ್ಯಾನಾವಿಷನ್ ಹೆಸರು ಹಿಡಿದು 13,000 ಡಾಲರ್ ಕೇಳಿದ. ಸೈಟ್ ಖಾಲಿ ಇಲ್ಲ ಅಂತ ತೋರಿಸೋಕೆ ಇಲಿನಾಯ್ ರಾಜ್ಯದ ಪಾನಾ ಅನ್ನೋ ಊರಿನ ಫೋಟೋ ಹಾಕಿದ್ದ! 1998ರಲ್ಲಿ ಮೇಲ್ಮನವಿ ಕೋರ್ಟಲ್ಲೂ ಸೋತ. ನಮ್ಮ ಸುಪ್ರೀಂ ಕೋರ್ಟ್ 2004ರಲ್ಲಿ ಸತ್ಯಂ ಇನ್ಫೋವೇ ಮತ್ತು ಸಿಫಿನೆಟ್ ನಡುವಿನ ಪ್ರಕರಣದಲ್ಲಿ ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನ ಗುಣ ಇದೆ, ಅದಕ್ಕೂ ರಕ್ಷಣೆ ಇದೆ ಅಂತ ತೀರ್ಪು ಕೊಟ್ಟಿತು. ಡಾಟ್ ಇನ್ ಹೆಸರುಗಳ ಜಗಳ ಬಿಡಿಸೋಕೂ ಒಂದು ವ್ಯವಸ್ಥೆ ಇದೆ.

ಆದ್ರೆ ಈ ರಕ್ಷಣೆ ಯಾರಿಗೆ? ಟ್ರೇಡ್‌ಮಾರ್ಕ್ ಇದ್ದವರಿಗೆ, ವಕೀಲರಿಗೆ ಫೀಸ್ ಕೊಡೋ ತಾಕತ್ತಿದ್ದವರಿಗೆ. ಡಾಟ್ ಕಾಮ್ ಹೆಸರಿನ ಬಗ್ಗೆ ಜಿನೀವಾದ ವೈಪೋ ಸಂಸ್ಥೆಗೆ ದೂರು ಕೊಡೋಕೆ ಕನಿಷ್ಠ ಶುಲ್ಕವೇ 1,500 ಡಾಲರ್. ಗಾಣದ ಹುಡುಗ ಎಲ್ಲಿಂದ ತರ್ತಾನೆ? 2024ರಲ್ಲಿ ನಮ್ಮ ವಾಟ್ಸ್ಆ್ಯಪ್ ಗ್ರೂಪುಗಳೆಲ್ಲ ಚಪ್ಪಾಳೆ ತಟ್ಟಿದ ಕಥೆ ನೆನಪಿದೆಯಾ? ದೆಹಲಿಯ ಒಬ್ಬ ಡೆವಲಪರ್, ಎರಡು ಕಂಪನಿ ಒಂದಾಗಬಹುದು ಅಂತ ಊಹಿಸಿ 2023ರಲ್ಲೇ ಜಿಯೋಹಾಟ್‌ಸ್ಟಾರ್ ಡಾಟ್ ಕಾಮ್ ಹಿಡಿದಿಟ್ಟಿದ್ದ. ಕೇಂಬ್ರಿಡ್ಜ್‌ನಲ್ಲಿ ಓದೋ ಖರ್ಚು, ಸುಮಾರು ಒಂದು ಕೋಟಿ ರೂಪಾಯಿ, ಕೊಟ್ರೆ ಹೆಸರು ಕೊಡ್ತೀನಿ ಅಂದ. ಕಂಪನಿ ಕಾನೂನು ಕ್ರಮದ ಮಾತಾಡಿತು. ಹೆಸರು ದುಬೈನ ಇಬ್ಬರು ಮಕ್ಕಳ ಕೈಗೆ ಹೋಯ್ತು, ಅವರು ಪುಕ್ಕಟೆ ಕೊಡ್ತೀವಿ ಅಂದ್ರು. ಬಡ ಹುಡುಗ ದೊಡ್ಡ ಕಂಪನಿಗೆ ಸವಾಲ್ ಹಾಕಿದ ಅಂತ ನಾವು ಖುಷಿಪಟ್ವಿ. ನಿಜವಾದ ಪಾಠ ಬೇರೆ. ದೊಡ್ಡವರ ಹತ್ರ ಈ ಆಟ ನಡೆಯಲ್ಲ. ಅದಕ್ಕೇ ದಂಧೆ ಬಲ್ಲವರು ಬ್ರ್ಯಾಂಡ್ ಹೆಸರು ಮುಟ್ಟಲ್ಲ. ಟ್ರೇಡ್‌ಮಾರ್ಕ್ ಇಲ್ಲದ ಸಣ್ಣವರು ಮುಂದೆ ಇಡಬಹುದಾದ ಹೆಸರನ್ನ ಹಿಡಿದು ಕಾಯ್ತಾರೆ.

ಮೂರನೆಯದು ಸ್ವಲ್ಪ ತೂಕದ ಮಾತು: "ಕಡಿವಾಣ ಹಾಕಿದ್ರೆ ಲಾಭ ದೊಡ್ಡ ಕಂಪನಿಗಳಿಗೇ ಆಗುತ್ತೆ." ಈ ಭಯ ನಿಜ. ಉಜಿ ನಿಸಾನ್ ಅನ್ನೋ ವ್ಯಕ್ತಿ ತನ್ನ ಮನೆತನದ ಹೆಸರಲ್ಲಿ ಅಮೆರಿಕದಲ್ಲಿ ಕಂಪ್ಯೂಟರ್ ವ್ಯಾಪಾರ ಮಾಡ್ತಿದ್ದ. 1994ರಲ್ಲಿ ನಿಸಾನ್ ಡಾಟ್ ಕಾಮ್ ನೋಂದಾಯಿಸಿಕೊಂಡ. 1999ರಲ್ಲಿ ಕಾರು ಕಂಪನಿ ಕೇಸ್ ಹಾಕಿತು. ವರ್ಷಗಟ್ಟಲೆ ಕೋರ್ಟು ಅಲೆದು, ಕೈಲಿದ್ದದ್ದನ್ನೆಲ್ಲ ಖರ್ಚು ಮಾಡಿ ಹೆಸರು ಉಳಿಸಿಕೊಂಡ. 2020ರಲ್ಲಿ ತೀರಿಕೊಳ್ಳೋವರೆಗೂ ಅದು ಅವನದ್ದೇ ಆಗಿತ್ತು. ನಾನು ಅವನ ಪರ. ಆ ಹೆಸರು ಅವನದ್ದು, ಆ ಹೆಸರಲ್ಲಿ ಅವನು ಕೆಲಸ ಮಾಡ್ತಿದ್ದ. ನನ್ನ ತಕರಾರು ಸಣ್ಣವನು ದೊಡ್ಡ ಹೆಸರು ಇಟ್ಕೊಳ್ಳೋದರ ಮೇಲಲ್ಲ. ಯಾವ ಕೆಲಸವನ್ನೂ ಮಾಡದೇ, ಮಾಡೋ ಉದ್ದೇಶವೂ ಇಲ್ಲದೇ ನೂರಾರು ಹೆಸರು ಬೀಳು ಬಿಟ್ಟು ಬೇಲಿ ಹಾಕೋದರ ಮೇಲೆ.

ಕನ್ನಡದ ಮಟ್ಟಿಗೆ ಇನ್ನೊಂದು ನಷ್ಟವೂ ಇದೆ. ಹೆಸರಿನ ಅವಧಿ ಮುಗಿದ ಮೇಲೆ ಮಾಲೀಕನಿಗೆ ಸ್ವಲ್ಪ ದಿನ ವಿನಾಯಿತಿ ಸಿಗುತ್ತೆ. ಆಮೇಲೆ 30 ದಿನ ಹೆಚ್ಚು ದಂಡ ಕಟ್ಟಿ ಬಿಡಿಸಿಕೊಳ್ಳೋ ಅವಕಾಶ, ನಂತರ 5 ದಿನ ಕಾದು ಹೆಸರು ಹೊರಗೆ ಬೀಳುತ್ತೆ. ಬಿದ್ದ ಕ್ಷಣದಲ್ಲೇ ಹಿಡಿಯೋಕೆ ಯಂತ್ರಗಳು ಕಾದಿರ್ತವೆ. ಊರಿನ ಸಂಘ, ನಾಟಕ ತಂಡ, ಹಳೇ ಬ್ಲಾಗು, ಪುಟ್ಟ ಪತ್ರಿಕೆಗಳ ಸೈಟುಗಳೆಲ್ಲ ನಡೆಯೋದು ಯಾರೋ ಒಬ್ಬ ಉತ್ಸಾಹಿಯ ಕ್ರೆಡಿಟ್ ಕಾರ್ಡ್ ಮೇಲೆ. ಅವನು ಕೆಲಸ ಬದಲಾಯಿಸಿದ, ಕಾರ್ಡ್ ಅವಧಿ ಮುಗೀತು, ಮೇಲ್ ನೋಡಲಿಲ್ಲ, ಹೆಸರು ಹೋಯ್ತು. ಹತ್ತು ವರ್ಷ ಜನ ಓದಿ, ಬೇರೆ ಸೈಟುಗಳು ಲಿಂಕ್ ಕೊಟ್ಟು ಆ ಹೆಸರಿಗೆ ಸರ್ಚ್ ಎಂಜಿನ್ನಿನಲ್ಲಿ ಒಂದು ಮರ್ಯಾದೆ ಬಂದಿರುತ್ತೆ. ಆ ಮರ್ಯಾದೆಗೇ ಬೆಲೆ. ಕವಿತೆ ಇದ್ದ ಕಡೆ ನಾಳೆ ರಮ್ಮಿ, ಕ್ಯಾಸಿನೋ ಜಾಹೀರಾತು. ಅಜ್ಜನ ಮನೆಗೆ ಇಸ್ಪೀಟ್ ಕ್ಲಬ್ಬಿನ ಬೋರ್ಡ್ ಹಾಕಿದ ಹಾಗೆ.

ಹಾಗಾದ್ರೆ ಏನ್ ಮಾಡ್ಬೇಕು? ಆಗಲ್ಲ ಅನ್ನೋರಿಗೆ ನಾರ್ವೆ ಉದಾಹರಣೆ ಇದೆ. ಅಲ್ಲಿನ ಡಾಟ್ ಎನ್‌ಒ ಹೆಸರುಗಳನ್ನ ಒಂದು ಸಂಸ್ಥೆ 100ರಷ್ಟು, ಒಬ್ಬ ವ್ಯಕ್ತಿ 5ರಷ್ಟು ಮಾತ್ರ ಇಟ್ಕೊಳ್ಳಬಹುದು. ಇದರಿಂದ ನಾರ್ವೆಯ ಇಂಟರ್ನೆಟ್ ಮುಳುಗಿಹೋಗಿಲ್ಲ. ಡಾಟ್ ಇನ್ ಮತ್ತು ಡಾಟ್ ಭಾರತ ನಮ್ಮ ದೇಶದ್ದೇ, ನೋಡಿಕೊಳ್ಳೋದು ನಮ್ಮದೇ ನಿಕ್ಸಿ ಸಂಸ್ಥೆ. ಮೊದಲ ಐದು ಹೆಸರಿಗೆ ಒಂದು ದರ, ಐವತ್ತು ದಾಟಿದ ಮೇಲೆ ಹತ್ತು ಪಟ್ಟು ದರ ಅಂತ ಮಾಡಲಿ. ಕರೆಂಟ್ ಬಿಲ್ಲಿಗೆ ಹಿಂದೆ ಸ್ಲ್ಯಾಬ್ ಇರಲಿಲ್ವಾ? ಬಳಸೋನಿಗೆ ಇದು ಭಾರ ಆಗಲ್ಲ, ಕೂಡಿಡೋನಿಗೆ ಮಾತ್ರ ಲೆಕ್ಕ ತಪ್ಪುತ್ತೆ. ಡಾಟ್ ಕಾಮ್ ನಿಯಮಗಳು ಅಮೆರಿಕದಲ್ಲಿ ಕೂತ ಐಕ್ಯಾನ್ ಕೈಲಿವೆ, ಅದು ಬೇಗ ಬದಲಾಗುತ್ತೆ ಅನ್ನೋ ಭ್ರಮೆ ನನಗಿಲ್ಲ. ನಮ್ಮ ಮನೆ ಬಾಗಿಲಿನದ್ದನ್ನಾದ್ರೂ ಕೇಳೋಣ.

ಸರ್ಕಾರ ಮಾಡೋವರೆಗೂ ಕಾಯ್ಬೇಕಿಲ್ಲ. ನಿಮ್ಮೂರಿನ ಸಂಘದ ಡೊಮೇನ್ ಯಾರ ಹೆಸರಲ್ಲಿದೆ, ಯಾವಾಗ ಮುಗಿಯುತ್ತೆ ಅಂತ ಈ ಭಾನುವಾರ ವಿಚಾರಿಸಿ. ಸಂಘದ ಹೆಸರಿಗೇ ಬರೆಸಿ, ಆಟೋ ರಿನ್ಯೂವಲ್ ಹಾಕಿಸಿ, ಐದು ವರ್ಷಕ್ಕೆ ಒಟ್ಟಿಗೇ ಕಟ್ಟಿಸಿ. ಹೊಸದಾಗಿ ಅಂಗಡಿ ಇಡೋ ಗೆಳೆಯನಿಗೆ, ಬೋರ್ಡ್ ಬರೆಸೋ ಮೊದಲೇ ಡೊಮೇನ್ ನೋಡು ಅಂತ ಹೇಳಿ. ಪಾರ್ಕಿಂಗ್ ಪುಟದಲ್ಲಿ ಬೆಲೆ ಕಂಡ ತಕ್ಷಣ ಹೌಹಾರಬೇಡಿ, ಡಾಟ್ ಇನ್‌ನಲ್ಲಿ ಅದೇ ಹೆಸರು ಸಾವಿರದೊಳಗೆ ಸಿಗಬಹುದು. ಕೊಳ್ಳೋರು ಕಮ್ಮಿಯಾದಷ್ಟೂ ಕೂಡಿಡೋರ ರಿನ್ಯೂವಲ್ ಬಿಲ್ಲು ಭಾರ ಆಗುತ್ತೆ.

ನಿಮ್ಮ ಹತ್ರ ಈಗಾಗಲೇ ಹತ್ತಿಪ್ಪತ್ತು ಹೆಸರು ಬಿದ್ದಿದ್ರೆ ಒಂದು ಪಟ್ಟಿ ಮಾಡಿ. ಅದರಲ್ಲಿ ಎಷ್ಟರ ಮೇಲೆ ನೀವು ನಿಜವಾಗಿ ಏನಾದ್ರೂ ಕಟ್ತೀರ? ಕಟ್ಟೋದನ್ನ ಇಟ್ಕೊಳ್ಳಿ. ಉಳಿದದ್ದರಲ್ಲಿ ಯಾರಿಗಾದ್ರೂ ಉಪಯೋಗ ಆಗೋದಿದ್ರೆ ನೀವು ಕಟ್ಟಿದಷ್ಟೇ ದುಡ್ಡಿಗೆ ಅವರಿಗೆ ದಾಟಿಸಿ. ಮಿಕ್ಕದ್ದಕ್ಕೆ ರಿನ್ಯೂವಲ್ ಮೇಲ್ ಬಂದಾಗ ಸುಮ್ಮನೆ ಡಿಲೀಟ್ ಒತ್ತಿ. ವರ್ಷಕ್ಕೆ ಒಂದಿಷ್ಟು ಸಾವಿರ ನಿಮಗೇ ಉಳಿಯುತ್ತೆ, ಎಲ್ಲೋ ಒಬ್ಬ ಗಾಣ ಓಡಿಸೋನಿಗೆ ಅಡ್ಡಗೆರೆ ಇಲ್ಲದ ಹೆಸರು ಸಿಗುತ್ತೆ.